ಹವ್ಯಾಸದ ಕರ್ನಲ್‌ಗೆ ಸಿಸ್ಟಂ ಕಾಲ್ ವ್ಯವಸ್ಥೆ ಕಟ್ಟುವ ಬಗೆ: ಸಮಗ್ರ ಮಾರ್ಗದರ್ಶಿ

ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಂನ ತಿರುಳು; ಬಳಕೆದಾರ ಪ್ರೋಗ್ರಾಂ ಅದರಿಂದ ಕೆಲಸ ಮಾಡಿಸಿಕೊಳ್ಳಲು ಕೊಡುವ ಕರೆಯೇ ಸಿಸ್ಟಂ ಕಾಲ್. ಕರ್ನಲ್‌ನ ಉಳಿದ ಭಾಗಗಳನ್ನೆಲ್ಲ ಕರೆಯುವುದು ನೀವೇ ಬರೆದ ಕೋಡ್. ಸಿಸ್ಟಂ ಕಾಲ್‌ನ ಬಾಗಿಲಿಗೆ ಮಾತ್ರ ಯಾರು ಬೇಕಾದರೂ, ಯಾವ ರಿಜಿಸ್ಟರ್‌ನಲ್ಲಿ (ಪ್ರೊಸೆಸರ್‌ನೊಳಗಿನ ಪುಟ್ಟ ಸಂಗ್ರಹ ಜಾಗದಲ್ಲಿ) ಏನನ್ನು ಬೇಕಾದರೂ ತುಂಬಿಕೊಂಡು ಬರಬಹುದು. ಬಳಕೆದಾರ ಪ್ರೋಗ್ರಾಂ ಕಳಿಸುವ ಪ್ರತಿಯೊಂದು ಬಿಟ್ ಕೂಡ ತಪ್ಪಿರಬಹುದು ಅಥವಾ ಬೇಕೆಂದೇ ತಿರುಚಿದ್ದಿರಬಹುದು ಎಂದುಕೊಂಡೇ ಇಲ್ಲಿನ ವಿನ್ಯಾಸವನ್ನು ಆರಂಭಿಸಬೇಕು. ಜೊತೆಗೆ ಇನ್ನೊಂದು ಹೊಣೆಯೂ ಇದೆ: ಒಮ್ಮೆ ಒಂದು ಪ್ರೋಗ್ರಾಂ ಈ ಬಾಗಿಲನ್ನು ಬಳಸಲು ಆರಂಭಿಸಿತೆಂದರೆ, ಕಾಲ್‌ನ ಸಂಖ್ಯೆ, ಆರ್ಗ್ಯುಮೆಂಟ್‌ಗಳ ಕ್ರಮ, ದೋಷದ ಅರ್ಥ ಇವೆಲ್ಲ ನೀವು ಕೊಟ್ಟ ಮಾತಾಗುತ್ತವೆ.

ಈ ಬರಹ ಮುಖ್ಯವಾಗಿ 64 ಬಿಟ್‌ನ ಎಕ್ಸ್86 ಪ್ರೊಸೆಸರ್ ಕುರಿತದ್ದು. ರಿಸ್ಕ್-ವಿ ಎಂಬ ಇನ್ನೊಂದು ಪ್ರೊಸೆಸರ್ ವಿನ್ಯಾಸ ಬೇರೆಯಾಗುವ ಕಡೆ ಅದನ್ನೂ ಹೇಳಿದ್ದೇನೆ. ನಿಮ್ಮ ಕರ್ನಲ್‌ನಲ್ಲಿ ಪೇಜಿಂಗ್ (ಮೆಮೊರಿಯನ್ನು ಪೇಜ್‌ಗಳಾಗಿ ಹಂಚಿ ವಿಳಾಸ ಹೊಂದಿಸುವ ವ್ಯವಸ್ಥೆ) ನಡೆಯುತ್ತಿದೆ, ಇಂಟರಪ್ಟ್‌ಗಳು ಸರಿಯಾಗಿ ಬರುತ್ತಿವೆ, ರಿಂಗ್ 3ಕ್ಕೆ (ಬಳಕೆದಾರ ಪ್ರೋಗ್ರಾಂಗಳು ಓಡುವ ಕಡಿಮೆ ಅಧಿಕಾರದ ಮಟ್ಟ; ಕರ್ನಲ್‌ನದ್ದು ರಿಂಗ್ 0) ಒಮ್ಮೆಯಾದರೂ ಜಿಗಿದು ನೋಡಿದ್ದೀರಿ ಎಂದು ಭಾವಿಸಿಕೊಂಡಿದ್ದೇನೆ. ಅವು ಇನ್ನೂ ಆಗಿಲ್ಲವಾದರೆ ಮೊದಲು ಅವನ್ನು ಮುಗಿಸಿಕೊಳ್ಳುವುದು ಒಳ್ಳೆಯದು.

ಮೊದಲ ಹೆಜ್ಜೆ: ಪಟ್ಟಿಗಿಂತ ಮೊದಲು ಒಂದು ಪ್ರೋಗ್ರಾಂ

ಲಿನಕ್ಸ್‌ನಲ್ಲಿ ಮುನ್ನೂರಕ್ಕೂ ಹೆಚ್ಚು ಸಿಸ್ಟಂ ಕಾಲ್‌ಗಳಿವೆ. ಆ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಒಂದೊಂದಾಗಿ ನಕಲು ಮಾಡಲು ಹೊರಟರೆ ಯಾವುದೂ ಪೂರ್ಣವಾಗುವುದಿಲ್ಲ. ಅದರ ಬದಲು ನಿಮ್ಮ ಕರ್ನಲ್ ಮೇಲೆ ಓಡಬೇಕಾದ ಮೊದಲ ನಿಜವಾದ ಪ್ರೋಗ್ರಾಂ ಯಾವುದೆಂದು ತೀರ್ಮಾನಿಸಿ, ಅದನ್ನು ಕಾಗದದ ಮೇಲೆ ಬರೆಯಿರಿ. ನನ್ನ ಸಲಹೆ ಒಂದು ಪುಟ್ಟ ಶೆಲ್: ಕೀಬೋರ್ಡ್‌ನಿಂದ ಒಂದು ಸಾಲನ್ನು ಓದಬೇಕು, ಅದರಲ್ಲಿ ಹೆಸರಿಸಿದ ಪ್ರೋಗ್ರಾಂ ಅನ್ನು ಓಡಿಸಬೇಕು, ಅದು ಮುಗಿಯುವವರೆಗೆ ಕಾಯಬೇಕು, ಮತ್ತೆ ಸಾಲು ಕೇಳಬೇಕು. ಇಷ್ಟಕ್ಕೆ ಬೇಕಾಗುವುದು ಓದು, ಬರೆ, ತೆರೆ, ಮುಚ್ಚು, ಹೊಸ ಪ್ರೊಸೆಸ್ ಹುಟ್ಟಿಸು, ಕಾಯಿ, ಮುಗಿಸು, ಮೆಮೊರಿ ಕೊಡು ಎಂಬ ಎಂಟು ಕಾಲ್‌ಗಳು. ಬೋಧನೆಗೆಂದು ಎಂಐಟಿಯಲ್ಲಿ ರೂಪಿಸಿದ ಎಕ್ಸ್‌ವಿ6 ಇಪ್ಪತ್ತೊಂದೇ ಕಾಲ್‌ಗಳಲ್ಲಿ ಶೆಲ್, ಪೈಪ್, ಡೈರೆಕ್ಟರಿ, ಲಿಂಕ್ ಎಲ್ಲವನ್ನೂ ನಡೆಸುತ್ತದೆ. ಅದಕ್ಕಿಂತ ಹೆಚ್ಚು ಬೇಕೆನಿಸಿದಾಗ ಪ್ರತಿಯೊಂದಕ್ಕೂ ಒಂದು ಕಾರಣವನ್ನು ಬರೆದಿಡಿ.

ಇಲ್ಲೇ ಒಂದು ದೊಡ್ಡ ನಿರ್ಧಾರ ಎದುರಾಗುತ್ತದೆ: ಹೊಸ ಪ್ರೊಸೆಸ್ ಹುಟ್ಟಿಸಲು ಓಡುತ್ತಿರುವ ಪ್ರೊಸೆಸ್‌ನ ಪ್ರತಿ ಮಾಡುವ ಯೂನಿಕ್ಸ್‌ನ ಫೋರ್ಕ್ ಬೇಕೇ, ಅಥವಾ ಪ್ರೋಗ್ರಾಂನ ಹೆಸರು ಕೊಟ್ಟರೆ ನೇರವಾಗಿ ಹೊಸ ಪ್ರೊಸೆಸ್ ಎಬ್ಬಿಸುವ ಸ್ಪಾನ್ ಸಾಕೇ? ಫೋರ್ಕ್ ನೋಡಲು ಸರಳ, ಅದಕ್ಕೆ ಒಂದು ಆರ್ಗ್ಯುಮೆಂಟ್ ಕೂಡ ಬೇಡ. ಆದರೆ ಇಡೀ ವಿಳಾಸ ವಲಯದ ಪ್ರತಿ ಬೇಕು; ಅದು ನಿಧಾನವಾಗದಿರಲು ಬರೆದಾಗ ಮಾತ್ರ ಪ್ರತಿ ಮಾಡುವ ವ್ಯವಸ್ಥೆ ಬೇಕು; ಅದಕ್ಕಾಗಿ ಪ್ರತಿಯೊಂದು ಭೌತಿಕ ಪೇಜ್‌ಗೂ ಎಷ್ಟು ಮಂದಿ ಹಂಚಿಕೊಂಡಿದ್ದಾರೆ ಎಂಬ ಲೆಕ್ಕ ಇಡಬೇಕು. ಮುಂದೆ ಥ್ರೆಡ್‌ಗಳು (ಒಂದೇ ಪ್ರೊಸೆಸ್‌ನೊಳಗೆ ಜೊತೆಯಾಗಿ ಓಡುವ ಎಳೆಗಳು) ಬಂದಾಗ ಫೋರ್ಕ್‌ನ ಅರ್ಥವೇ ಗೋಜಲಾಗುತ್ತದೆ. ಯೂನಿಕ್ಸ್ ಪ್ರೋಗ್ರಾಂಗಳನ್ನು ಹಾಗೆಯೇ ತಂದು ಓಡಿಸುವ ಗುರಿ ಇಲ್ಲದಿದ್ದರೆ ಸ್ಪಾನ್ ಆಯ್ದುಕೊಳ್ಳಿ. ಪ್ರೋಗ್ರಾಂನ ದಾರಿ, ಆರ್ಗ್ಯುಮೆಂಟ್‌ಗಳ ಪಟ್ಟಿ, ಮಗುವಿಗೆ, ಅಂದರೆ ಹೊಸ ಪ್ರೊಸೆಸ್‌ಗೆ, ಕೊಡಬೇಕಾದ ಹ್ಯಾಂಡಲ್‌ಗಳ (ತೆರೆದ ಫೈಲ್ ಮುಂತಾದವನ್ನು ಗುರುತಿಸುವ ಸಂಖ್ಯೆಗಳ) ಪಟ್ಟಿ ಈ ಮೂರನ್ನು ಕೇಳಿದರೆ ಸಾಕು.

ಎರಡನೆಯ ಹೆಜ್ಜೆ: ಬಾಗಿಲು ಯಾವುದು

ಎಕ್ಸ್86ನಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಹಳೆಯದು ಸಾಫ್ಟ್‌ವೇರ್ ಇಂಟರಪ್ಟ್. 32 ಬಿಟ್ ಲಿನಕ್ಸ್ ಹೆಕ್ಸ್ 80 ಸಂಖ್ಯೆಯ, ಅಂದರೆ ದಶಮಾನದಲ್ಲಿ 128ನೆಯ ಇಂಟರಪ್ಟ್ ಅನ್ನು ಬಳಸಿತು. ಇಂಟರಪ್ಟ್ ಟೇಬಲ್‌ನಲ್ಲಿ ಆ ಗೇಟ್‌ನ ಅಧಿಕಾರ ಮಟ್ಟವನ್ನು 3 ಎಂದು ನಮೂದಿಸಬೇಕು, ಇಲ್ಲವಾದರೆ ರಿಂಗ್ 3ರಿಂದ ಕರೆದೊಡನೆ ಜನರಲ್ ಪ್ರೊಟೆಕ್ಷನ್ ಫಾಲ್ಟ್ ಬರುತ್ತದೆ. ಕರ್ನಲ್ ಸ್ಟ್ಯಾಕ್‌ಗೆ ಬದಲಾಯಿಸುವ ಕೆಲಸವನ್ನು ಟಿಎಸ್‌ಎಸ್ ಎಂಬ ಮೆಮೊರಿಯ ರಚನೆಯಲ್ಲಿರುವ ವಿಳಾಸ ನೋಡಿಕೊಂಡು ಪ್ರೊಸೆಸರ್ ತಾನೇ ಮಾಡುತ್ತದೆ. ಹೊಸದು ಸಿಸ್‌ಕಾಲ್ ಎಂಬ ಪ್ರತ್ಯೇಕ ಇನ್‌ಸ್ಟ್ರಕ್ಷನ್. ಇದು ವೇಗದ್ದು, ಆದರೆ ವೇಗಕ್ಕಾಗಿ ಪ್ರೊಸೆಸರ್ ಕೆಲವು ಕೆಲಸಗಳನ್ನು ನಿಮ್ಮ ಹೆಗಲಿಗೇ ಹಾಕಿದೆ.

ಮೊದಲು ಇಂಟರಪ್ಟ್ ದಾರಿಯಲ್ಲಿ ಎಲ್ಲವನ್ನೂ ನಡೆಸಿ, ಎಲ್ಲ ಕಾಲ್‌ಗಳೂ ಸರಿಯಾಗಿವೆ ಎಂದು ಖಾತ್ರಿಯಾದ ಮೇಲೆ ಸಿಸ್‌ಕಾಲ್‌ಗೆ ಬದಲಾಯಿಸುವುದು ಸುರಕ್ಷಿತ. ಎರಡೂ ದಾರಿಗಳು ರಿಜಿಸ್ಟರ್‌ಗಳನ್ನು ಒಂದೇ ವಿನ್ಯಾಸದ ಫ್ರೇಮ್‌ನಲ್ಲಿ ಉಳಿಸಿ ಒಂದೇ ಸಿ ಫಂಕ್ಷನ್‌ಗೆ ಬಂದು ಸೇರುವಂತೆ ಬರೆದರೆ, ಬದಲಾವಣೆಯ ದಿನ ಅಸೆಂಬ್ಲಿಯ ಕೆಲವು ಸಾಲುಗಳನ್ನು ಬಿಟ್ಟು ಬೇರೇನನ್ನೂ ಮುಟ್ಟಬೇಕಾಗುವುದಿಲ್ಲ.

ರಿಸ್ಕ್-ವಿಯಲ್ಲಿ ಆಯ್ಕೆಯೇ ಇಲ್ಲ, ಇರುವುದು ಇಕಾಲ್ ಒಂದೇ. ಯೂಸರ್ ಮೋಡ್‌ನಿಂದ ಅದು ಬಂದಾಗ ಕಾರಣದ ರಿಜಿಸ್ಟರ್‌ನಲ್ಲಿ 8 ಇರುತ್ತದೆ. ಹಿಂದಿರುಗುವ ವಿಳಾಸದ ರಿಜಿಸ್ಟರ್ ಇಕಾಲ್‌ನ ಮುಂದಿನ ಇನ್‌ಸ್ಟ್ರಕ್ಷನ್ ಅನ್ನಲ್ಲ, ಇಕಾಲ್ ಅನ್ನೇ ತೋರಿಸುತ್ತದೆ. ಅದಕ್ಕೆ 4 ಕೂಡಿಸುವುದನ್ನು ಮರೆತರೆ ಪ್ರೋಗ್ರಾಂ ಅದೇ ಕಾಲ್ ಅನ್ನು ಕೊನೆಯಿಲ್ಲದೆ ಮಾಡುತ್ತಲೇ ಇರುತ್ತದೆ.

ಮೂರನೆಯ ಹೆಜ್ಜೆ: ರಿಜಿಸ್ಟರ್‌ಗಳ ಒಪ್ಪಂದ

64 ಬಿಟ್ ಲಿನಕ್ಸ್‌ನ ಒಪ್ಪಂದವನ್ನೇ ಎರವಲು ಪಡೆಯುವುದರಲ್ಲಿ ಸಂಕೋಚ ಬೇಡ. ಕಾಲ್‌ನ ಸಂಖ್ಯೆ ಆರ್‌ಎಎಕ್ಸ್‌ನಲ್ಲಿ; ಆರು ಆರ್ಗ್ಯುಮೆಂಟ್‌ಗಳು ಕ್ರಮವಾಗಿ ಆರ್‌ಡಿಐ, ಆರ್‌ಎಸ್‌ಐ, ಆರ್‌ಡಿಎಕ್ಸ್, ಆರ್10, ಆರ್8, ಆರ್9ರಲ್ಲಿ; ಫಲಿತಾಂಶ ಮತ್ತೆ ಆರ್‌ಎಎಕ್ಸ್‌ನಲ್ಲಿ. ಇದು ಸಿ ಫಂಕ್ಷನ್‌ಗಳ ಸಾಮಾನ್ಯ ಒಪ್ಪಂದವೇ, ನಾಲ್ಕನೆಯ ಆರ್ಗ್ಯುಮೆಂಟ್ ಒಂದನ್ನು ಬಿಟ್ಟು. ಸಿ ಫಂಕ್ಷನ್‌ಗಳಲ್ಲಿ ಅದು ಆರ್‌ಸಿಎಕ್ಸ್‌ನಲ್ಲಿ ಬರುತ್ತದೆ. ಆದರೆ ಸಿಸ್‌ಕಾಲ್ ಇನ್‌ಸ್ಟ್ರಕ್ಷನ್ ಹಿಂದಿರುಗುವ ವಿಳಾಸವನ್ನು ಆರ್‌ಸಿಎಕ್ಸ್‌ನಲ್ಲೂ, ಫ್ಲ್ಯಾಗ್‌ಗಳನ್ನು ಆರ್11ರಲ್ಲೂ ಬರೆದುಬಿಡುತ್ತದೆ. ನನ್ನ ಮೊದಲ ಕರ್ನಲ್‌ನಲ್ಲಿ ಈ ವ್ಯತ್ಯಾಸ ಗಮನಕ್ಕೆ ಬಂದಿರಲಿಲ್ಲ. ಮೂರು ಆರ್ಗ್ಯುಮೆಂಟ್‌ಗಳ ಕಾಲ್‌ಗಳೆಲ್ಲ ಚೆನ್ನಾಗಿ ನಡೆಯುತ್ತಿದ್ದವು. ನಾಲ್ಕು ಆರ್ಗ್ಯುಮೆಂಟ್‌ಗಳ ಮೊದಲ ಕಾಲ್ ಬರೆದ ದಿನ, ಆಫ್‌ಸೆಟ್ ಇರಬೇಕಾದ ಜಾಗದಲ್ಲಿ 42 ಲಕ್ಷದ ಆಸುಪಾಸಿನ ಒಂದು ವಿಚಿತ್ರ ಸಂಖ್ಯೆ ಬಂತು. ಅದು ಪ್ರೋಗ್ರಾಂನ ಕೋಡ್ ಇರುವ ವಿಳಾಸವೆಂದು ಹೊಳೆಯಲು ಎರಡು ರಾತ್ರಿ ಹಿಡಿಯಿತು.

ಆರಕ್ಕಿಂತ ಹೆಚ್ಚು ಆರ್ಗ್ಯುಮೆಂಟ್‌ಗಳು ಬೇಕೆನಿಸಿದರೆ ಒಂದು ಸ್ಟ್ರಕ್ಚರ್‌ನ ಪಾಯಿಂಟರ್ ಕೊಡಿ. ಬಳಕೆದಾರನ ಸ್ಟ್ಯಾಕ್‌ನಿಂದ ಆರ್ಗ್ಯುಮೆಂಟ್ ಓದುವ ಗೋಜಿಗೆ ಹೋಗಬೇಡಿ.

ದೋಷವನ್ನು ಹೇಳುವ ಬಗೆ ಎರಡು. ಫ್ರೀಬಿಎಸ್‌ಡಿ ಎಕ್ಸ್86ನಲ್ಲಿ ಕ್ಯಾರಿ ಫ್ಲ್ಯಾಗ್ ಎತ್ತಿ ದೋಷವನ್ನು ಸೂಚಿಸುತ್ತದೆ. ಲಿನಕ್ಸ್ −1ರಿಂದ −4095ರವರೆಗಿನ ಸಂಖ್ಯೆಗಳನ್ನು ದೋಷಗಳಿಗೆ ಮೀಸಲಿಟ್ಟಿದೆ. ವಿಳಾಸ ವಲಯದ ಕಟ್ಟಕಡೆಯ ಪೇಜ್ ಬಳಕೆದಾರನ ಪಾಯಿಂಟರ್ ಆಗಲು ಎಂದೂ ಸಾಧ್ಯವಿಲ್ಲದ್ದರಿಂದ, ಪಾಯಿಂಟರ್ ಹಿಂದಿರುಗಿಸುವ ಕಾಲ್‌ಗಳಲ್ಲೂ ಈ ಋಣ ಸಂಖ್ಯೆಗಳ ಪದ್ಧತಿ ಗೊಂದಲವಿಲ್ಲದೆ ನಡೆಯುತ್ತದೆ. ಹವ್ಯಾಸದ ಕರ್ನಲ್‌ಗೆ ಇದೇ ಸುಲಭ. ಎಲ್ಲ ಸೋಲಿಗೂ −1 ಕೊಡುವ ಆಸೆಗೆ ಮಾತ್ರ ಬೀಳಬೇಡಿ. ಫೈಲ್ ಇಲ್ಲ, ಪಾಯಿಂಟರ್ ಕೆಟ್ಟದ್ದು, ಮೆಮೊರಿ ಸಾಲದು ಎಂಬ ಮೂರು ಬೇರೆ ಬೇರೆ ಸಂಗತಿಗಳು ಒಂದೇ ಸಂಖ್ಯೆಯಾಗಿ ಕಂಡರೆ, ಮುಂದೆ ದೋಷ ಹುಡುಕುತ್ತಾ ಕೂರುವವರು ನೀವೇ.

ನಾಲ್ಕನೆಯ ಹೆಜ್ಜೆ: ಸಿಸ್‌ಕಾಲ್ ಪ್ರವೇಶದ ಅಸೆಂಬ್ಲಿ

ಈ ಭಾಗದಲ್ಲಿ ಅವಸರ ಸಲ್ಲದು. ಮೊದಲು ಇಎಫ್‌ಇಆರ್ ರಿಜಿಸ್ಟರ್‌ನ ಸೊನ್ನೆಯ ಬಿಟ್ ಎತ್ತಿ (ಅಂದರೆ 1 ಮಾಡಿ) ಸಿಸ್‌ಕಾಲ್ ಅನ್ನು ಚಾಲೂ ಮಾಡಬೇಕು. ಎಲ್‌ಸ್ಟಾರ್ ರಿಜಿಸ್ಟರ್‌ನಲ್ಲಿ ಪ್ರವೇಶ ಕೋಡ್‌ನ ವಿಳಾಸ ಇಡಬೇಕು. ಸ್ಟಾರ್ ರಿಜಿಸ್ಟರ್‌ನಲ್ಲಿ ಸೆಗ್ಮೆಂಟ್ ಸೆಲೆಕ್ಟರ್‌ಗಳನ್ನು ಇಡಬೇಕು, ಮತ್ತು ಎಡವುವುದು ಹೆಚ್ಚಾಗಿ ಇಲ್ಲೇ. ಬಳಕೆದಾರನ ಸೆಲೆಕ್ಟರ್‌ಗಳನ್ನು ಪ್ರೊಸೆಸರ್ ನೇರವಾಗಿ ತೆಗೆದುಕೊಳ್ಳುವುದಿಲ್ಲ. ಸ್ಟಾರ್‌ನ ಮೇಲಿನ ಹದಿನಾರು ಬಿಟ್‌ಗಳಲ್ಲಿರುವ ಸಂಖ್ಯೆಗೆ 16 ಕೂಡಿಸಿ ಕೋಡ್ ಸೆಗ್ಮೆಂಟ್ ಎಂದೂ, 8 ಕೂಡಿಸಿ ಸ್ಟ್ಯಾಕ್ ಸೆಗ್ಮೆಂಟ್ ಎಂದೂ ಬಳಸುತ್ತದೆ. ಹಾಗಾಗಿ ಸೆಗ್ಮೆಂಟ್‌ಗಳ ವಿವರವಿರುವ ಟೇಬಲ್ ಆದ ಜಿಡಿಟಿಯಲ್ಲಿ ಬಳಕೆದಾರನ ಡೇಟಾ ಸೆಗ್ಮೆಂಟ್ ಮೊದಲು, ಅದರ 64 ಬಿಟ್ ಕೋಡ್ ಸೆಗ್ಮೆಂಟ್ ನಂತರ ಬರಲೇಬೇಕು. ಕರ್ನಲ್ ಕೋಡ್ 8, ಕರ್ನಲ್ ಡೇಟಾ 16, ಬಳಕೆದಾರನ 32 ಬಿಟ್ ಕೋಡ್‌ಗೆ ಮೀಸಲು ಜಾಗ 24, ಬಳಕೆದಾರನ ಡೇಟಾ 32, ಬಳಕೆದಾರನ 64 ಬಿಟ್ ಕೋಡ್ 40 ಎಂದು ಜೋಡಿಸಿಕೊಂಡರೆ ಸ್ಟಾರ್‌ನ 32ರಿಂದ 47ರವರೆಗಿನ ಬಿಟ್‌ಗಳಲ್ಲಿ 8, ಅದರ ಮೇಲೆ 24ಕ್ಕೆ ಅಧಿಕಾರ ಮಟ್ಟದ 3 ಸೇರಿಸಿದ 27 ಬರೆಯಬೇಕು.

ಸಿಸ್‌ಕಾಲ್ ಸ್ಟ್ಯಾಕ್ ಪಾಯಿಂಟರ್ ಆದ ಆರ್‌ಎಸ್‌ಪಿಯನ್ನು ಬದಲಾಯಿಸುವುದಿಲ್ಲ. ಪ್ರವೇಶ ಕೋಡ್‌ನ ಮೊದಲ ಸಾಲಿನಲ್ಲಿ ನೀವು ರಿಂಗ್ 0ರಲ್ಲಿ ಇರುತ್ತೀರಿ, ಆದರೆ ಆರ್‌ಎಸ್‌ಪಿ ಇನ್ನೂ ಬಳಕೆದಾರ ಕೊಟ್ಟದ್ದೇ ಆಗಿರುತ್ತದೆ, ಅದು ಎಲ್ಲಿಗೆ ಬೇಕಾದರೂ ಬೆರಳು ತೋರಿಸುತ್ತಿರಬಹುದು. ಆ ಕ್ಷಣದಲ್ಲಿ ಒಂದು ಟೈಮರ್ ಇಂಟರಪ್ಟ್ ಬಂದರೆ, ಆಗಲೇ ರಿಂಗ್ 0ರಲ್ಲಿರುವುದರಿಂದ ಪ್ರೊಸೆಸರ್ ಸ್ಟ್ಯಾಕ್ ಬದಲಾಯಿಸದೆ ಅದೇ ವಿಳಾಸಕ್ಕೆ ಫ್ರೇಮ್ ಬರೆದುಬಿಡುತ್ತದೆ. ಇದನ್ನು ತಡೆಯಲೆಂದೇ ಎಫ್‌ಮಾಸ್ಕ್ ರಿಜಿಸ್ಟರ್ ಇದೆ. ಅದರಲ್ಲಿ ನೀವು ಎತ್ತಿದ ಬಿಟ್‌ಗಳು ಪ್ರವೇಶದ ಹೊತ್ತಿನಲ್ಲಿ ಫ್ಲ್ಯಾಗ್‌ಗಳಿಂದ ಅಳಿಸಿಹೋಗುತ್ತವೆ. ಇಂಟರಪ್ಟ್ ಫ್ಲ್ಯಾಗ್‌ನ 9ನೆಯ ಬಿಟ್, ದಿಕ್ಕಿನ ಫ್ಲ್ಯಾಗ್‌ನ 10ನೆಯ ಬಿಟ್, ಟ್ರ್ಯಾಪ್ ಫ್ಲ್ಯಾಗ್‌ನ 8ನೆಯ ಬಿಟ್, ಎಸಿ ಫ್ಲ್ಯಾಗ್‌ನ 18ನೆಯ ಬಿಟ್ ಈ ನಾಲ್ಕನ್ನೂ ಅಲ್ಲಿ ಸೇರಿಸಿ. ತಡೆಯಲಾಗದ ಇಂಟರಪ್ಟ್ ಆದ ಎನ್‌ಎಂಐಗೆ ಟಿಎಸ್‌ಎಸ್‌ನಲ್ಲಿರುವ ಐಎಸ್‌ಟಿ ಎಂಬ ಸ್ಟ್ಯಾಕ್‌ಗಳ ಪಟ್ಟಿಯ ಮೂಲಕ ಪ್ರತ್ಯೇಕ ಸ್ಟ್ಯಾಕ್ ಕೊಡಿ.

ಆಮೇಲಿನ ಕ್ರಮ ಹೀಗಿದೆ. ಸ್ವಾಪ್‌ಜಿಎಸ್ ಇನ್‌ಸ್ಟ್ರಕ್ಷನ್‌ನಿಂದ ಜಿಎಸ್ ಬೇಸ್ ಅದಲುಬದಲು ಮಾಡಿ ಆ ಸಿಪಿಯುವಿನ ಖಾಸಗಿ ಡೇಟಾ ಹಿಡಿಯಿರಿ. ಬಳಕೆದಾರನ ಆರ್‌ಎಸ್‌ಪಿಯನ್ನು ಅಲ್ಲೊಂದು ಜಾಗದಲ್ಲಿ ಇಟ್ಟು, ಈಗ ಓಡುತ್ತಿರುವ ಥ್ರೆಡ್‌ನ ಕರ್ನಲ್ ಸ್ಟ್ಯಾಕ್ ಎತ್ತಿಕೊಳ್ಳಿ. ಉಳಿಸಿದ ಆರ್‌ಎಸ್‌ಪಿ, ಆರ್11, ಆರ್‌ಸಿಎಕ್ಸ್ ಹಾಗೂ ಉಳಿದ ಎಲ್ಲ ರಿಜಿಸ್ಟರ್‌ಗಳನ್ನು ಸ್ಟ್ಯಾಕ್ ಮೇಲೆ ಫ್ರೇಮ್ ಆಗಿ ತಳ್ಳಿ. ಇಷ್ಟಾದ ಮೇಲೆ ಇಂಟರಪ್ಟ್‌ಗಳನ್ನು ತೆರೆದು, ಸ್ಟ್ಯಾಕ್ 16 ಬೈಟ್‌ಗೆ ಹೊಂದಿಕೊಂಡಿದೆಯೆಂದು ನೋಡಿಕೊಂಡು, ಫ್ರೇಮ್‌ನ ಪಾಯಿಂಟರ್ ಕೊಟ್ಟು ಸಿ ಫಂಕ್ಷನ್ ಕರೆಯಿರಿ. ಬಳಕೆದಾರನ ಆರ್‌ಎಸ್‌ಪಿಯನ್ನು ಸಿಪಿಯುವಿನ ಜಾಗದಲ್ಲೇ ಬಿಟ್ಟು ಸ್ಟ್ಯಾಕ್‌ಗೆ ತರದಿದ್ದರೆ, ಈ ಥ್ರೆಡ್ ನಿದ್ರೆಗೆ ಹೋದಾಗ ಇನ್ನೊಂದು ಥ್ರೆಡ್‌ನ ಕಾಲ್ ಅದನ್ನು ಅಳಿಸಿ ಬರೆಯುತ್ತದೆ.

ಹಿಂದಿರುಗುವಾಗಲೂ ಒಂದು ಬಲೆ ಇದೆ. ಸಿಸ್‌ರೆಟ್ ಇನ್‌ಸ್ಟ್ರಕ್ಷನ್‌ಗೆ ಕೊಡುವ ಆರ್‌ಸಿಎಕ್ಸ್ ಮಾನ್ಯ ವಿಳಾಸದ ರೂಪದಲ್ಲಿ ಇಲ್ಲದಿದ್ದರೆ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಫಾಲ್ಟ್ ಏಳುವುದು ರಿಂಗ್ 0ರಲ್ಲಿ, ಅದೂ ಸ್ಟ್ಯಾಕ್ ಆಗಲೇ ಬಳಕೆದಾರನದ್ದಾಗಿರುವಾಗ. 2012ರಲ್ಲಿ ಇದೇ ಕಾರಣಕ್ಕೆ ಫ್ರೀಬಿಎಸ್‌ಡಿ, ಕ್ಸೆನ್, ವಿಂಡೋಸ್ ಮುಂತಾದ ಹಲವು ವ್ಯವಸ್ಥೆಗಳು ಒಟ್ಟಿಗೆ ತುರ್ತು ದುರಸ್ತಿ ಮಾಡಿಕೊಳ್ಳಬೇಕಾಯಿತು. ಹಿಂದಿರುಗುವ ವಿಳಾಸ ಬಳಕೆದಾರನ ಮಿತಿಯೊಳಗೆ ಇಲ್ಲವೆಂದು ಕಂಡರೆ ಸಿಸ್‌ರೆಟ್ ಬದಲು ಇಂಟರಪ್ಟ್‌ನಿಂದ ಹಿಂದಿರುಗುವ ಇನ್‌ಸ್ಟ್ರಕ್ಷನ್ ಆದ ಐರೆಟ್ ಬಳಸಿ. ಜೊತೆಗೆ ಬಳಕೆದಾರನ ಅರ್ಧದ ಕಟ್ಟಕಡೆಯ ಪೇಜ್ ಅನ್ನು ಯಾರಿಗೂ ಮ್ಯಾಪ್ ಮಾಡಿಕೊಡಬೇಡಿ, ಏಕೆಂದರೆ ಸಿಸ್‌ಕಾಲ್ ಎರಡು ಬೈಟ್‌ಗಳ ಇನ್‌ಸ್ಟ್ರಕ್ಷನ್. ಅದು ಆ ಪೇಜ್‌ನ ಕೊನೆಯ ಎರಡು ಬೈಟ್‌ಗಳಲ್ಲಿ ಕುಳಿತಿದ್ದರೆ ಮುಂದಿನ ವಿಳಾಸವೇ ಅಮಾನ್ಯವಾಗಿರುತ್ತದೆ.

ಐದನೆಯ ಹೆಜ್ಜೆ: ಸಂಖ್ಯೆಗಳು ಮತ್ತು ಟೇಬಲ್

ಇದು ಚಿಕ್ಕ ಕೆಲಸ. ಫಂಕ್ಷನ್ ಪಾಯಿಂಟರ್‌ಗಳ ಒಂದು ಅರೇ, ಅದಕ್ಕೆ ಸಂಖ್ಯೆಯೇ ಇಂಡೆಕ್ಸ್. ಮಿತಿಯ ಪರೀಕ್ಷೆಯನ್ನು ಚಿಹ್ನೆಯಿಲ್ಲದ 64 ಬಿಟ್ ಸಂಖ್ಯೆಯಾಗಿಯೇ ಮಾಡಿ. ಚಿಹ್ನೆಯುಳ್ಳ ಸಂಖ್ಯೆಯಾಗಿ ಹೋಲಿಸಿದರೆ −1 ಎಂಬುದು ಗರಿಷ್ಠಕ್ಕಿಂತ ಕಡಿಮೆಯೆಂದು ದಾಟಿಹೋಗಿ ಟೇಬಲ್‌ನ ಹಿಂದಿನ ಮೆಮೊರಿಯನ್ನು ಫಂಕ್ಷನ್ ಎಂದು ಕರೆಯುತ್ತದೆ. ತೆಗೆದುಹಾಕಿದ ಕಾಲ್‌ನ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡಬೇಡಿ, ಆ ಜಾಗದಲ್ಲಿ "ಇಂಥ ಕಾಲ್ ಇಲ್ಲ" ಎಂಬ ದೋಷ ಹಿಂದಿರುಗಿಸುವ ಫಂಕ್ಷನ್ ಇಡಿ.

ಸಂಖ್ಯೆಗಳೇ ಸ್ಥಿರವಾಗಿರಬೇಕೆಂಬ ನಿಯಮವೇನೂ ಇಲ್ಲ. ಲಿನಕ್ಸ್ ಅವನ್ನು ಸ್ಥಿರವಾಗಿ ಇಡುತ್ತದೆ. ವಿಂಡೋಸ್‌ನಲ್ಲಿ ಅವು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ, ಪ್ರೋಗ್ರಾಂಗಳು ನೆಚ್ಚಿಕೊಳ್ಳುವುದು ಅದರ ಮೇಲಿನ ಲೈಬ್ರರಿಯನ್ನು. ಆದರೆ ಡೈನಮಿಕ್ ಲಿಂಕಿಂಗ್ ಇನ್ನೂ ಬಾರದ ಹವ್ಯಾಸದ ಕರ್ನಲ್‌ನಲ್ಲಿ ಸಂಖ್ಯೆಗಳು ಪ್ರತಿ ಬೈನರಿಯೊಳಗೂ ಅಚ್ಚಾಗಿರುತ್ತವೆ, ಆದ್ದರಿಂದ ಅವನ್ನು ಸ್ಥಿರವಾಗಿ ಇಡುವುದೇ ಮೇಲು.

ಆರನೆಯ ಹೆಜ್ಜೆ: ಬಳಕೆದಾರನ ಪಾಯಿಂಟರ್

ಇಡೀ ವಿನ್ಯಾಸದಲ್ಲಿ ಅತ್ಯಂತ ಹೆಚ್ಚು ಎಚ್ಚರ ಬೇಡುವ ಜಾಗ ಇದು. ಬರೆಯುವ ಕಾಲ್ ಅನ್ನೇ ತೆಗೆದುಕೊಳ್ಳೋಣ: ಹ್ಯಾಂಡಲ್, ಬಫರ್‌ನ ವಿಳಾಸ, ಉದ್ದ. ವಿಳಾಸಕ್ಕೆ ಉದ್ದ ಕೂಡಿಸಿದ ಮೊತ್ತ ಬಳಕೆದಾರನ ಮಿತಿಗಿಂತ ಕಡಿಮೆಯಿದೆಯೇ ಎಂದು ನೋಡಿದರೆ ಸಾಕೆಂದು ಮೊದಲ ನೋಟಕ್ಕೆ ಅನಿಸುತ್ತದೆ. ಈಗ ವಿಳಾಸವು 2ರ 64ನೆಯ ಘಾತಕ್ಕಿಂತ 4096 ಕಡಿಮೆ, ಉದ್ದ 8192 ಎಂದು ಕೊಟ್ಟು ನೋಡಿ. ಕೂಡಿದಾಗ 64 ಬಿಟ್‌ಗಳು ತುಂಬಿ ಸುತ್ತು ಹೊಡೆದು ಮೊತ್ತ 4096 ಆಗುತ್ತದೆ. ಪರೀಕ್ಷೆ ಪಾಸಾಗುತ್ತದೆ, ಕರ್ನಲ್ ತನ್ನದೇ ಮೆಮೊರಿಯ ತುದಿಯನ್ನು ಪರದೆಗೆ ಬರೆದುಕೊಡುತ್ತದೆ. ಸರಿಯಾದ ಕ್ರಮವೆಂದರೆ ಮೊದಲು ಉದ್ದವು ಮಿತಿಯನ್ನು ಮೀರಿಲ್ಲವೆಂದು ನೋಡುವುದು, ಅನಂತರ ವಿಳಾಸವು ಮಿತಿಯಿಂದ ಉದ್ದವನ್ನು ಕಳೆದಷ್ಟಕ್ಕಿಂತ ಹೆಚ್ಚಿಲ್ಲವೆಂದು ನೋಡುವುದು. ಕೂಡುವುದೇ ಇಲ್ಲವಾದ್ದರಿಂದ ಸುತ್ತು ಹೊಡೆಯುವ ಪ್ರಶ್ನೆಯೇ ಇಲ್ಲ.

ವಿಳಾಸ ಮಿತಿಯೊಳಗಿದ್ದರೂ ಅಲ್ಲಿ ಪೇಜ್ ಇರಬೇಕೆಂದೇನೂ ಇಲ್ಲ. ಇದಕ್ಕೆ ಎರಡು ಪರಿಹಾರಗಳಿವೆ. ಎಕ್ಸ್‌ವಿ6 ಮಾಡುವಂತೆ ಪೇಜ್ ಟೇಬಲ್ ಅನ್ನು ಕರ್ನಲ್ಲೇ ನಡೆದು ನೋಡಿ, ಪ್ರತಿ ಪೇಜ್‌ಗೂ ಬಳಕೆದಾರನ ಅನುಮತಿ ಇದೆಯೆಂದು ಖಚಿತಪಡಿಸಿಕೊಂಡು ನಕಲು ಮಾಡುವುದು ಒಂದು. ನೇರವಾಗಿ ನಕಲು ಮಾಡಲು ಹೊರಟು, ಪೇಜ್ ಫಾಲ್ಟ್ ಬಂದರೆ ಫಾಲ್ಟ್ ಆದ ಇನ್‌ಸ್ಟ್ರಕ್ಷನ್‌ನ ವಿಳಾಸವನ್ನು ಒಂದು ಟೇಬಲ್‌ನಲ್ಲಿ ಹುಡುಕಿ, ಸಿಕ್ಕರೆ ದೋಷ ಹಿಂದಿರುಗಿಸುವ ಕೋಡ್‌ಗೆ ಜಿಗಿಯುವುದು ಇನ್ನೊಂದು. ಲಿನಕ್ಸ್ ಅನುಸರಿಸುವುದು ಇದನ್ನು. ಮೊದಲನೆಯದು ಅರ್ಥವಾಗಲು ಸುಲಭ, ಆದರೆ ಒಂದೇ ಪ್ರೊಸೆಸ್‌ನಲ್ಲಿ ಎರಡು ಥ್ರೆಡ್‌ಗಳಿದ್ದರೆ ಪರೀಕ್ಷೆಗೂ ನಕಲಿಗೂ ನಡುವೆ ಇನ್ನೊಂದು ಥ್ರೆಡ್ ಆ ಪೇಜ್ ಅನ್ನು ತೆಗೆದುಬಿಡಬಹುದು. ಆಗ ಲಾಕ್ ಬೇಕು. ಒಂದೇ ಥ್ರೆಡ್‌ನ ಪ್ರೊಸೆಸ್‌ಗಳಿಂದ ಆರಂಭಿಸುವವರು ಮೊದಲನೆಯದನ್ನೇ ಆಯ್ದುಕೊಳ್ಳಬಹುದು.

ಯಾವ ಪರಿಹಾರವಾದರೂ ಸರಿ, ಅದನ್ನು ಮೂರೇ ಫಂಕ್ಷನ್‌ಗಳೊಳಗೆ ಮುಚ್ಚಿಡಿ: ಬಳಕೆದಾರನಿಂದ ನಕಲು, ಬಳಕೆದಾರನಿಗೆ ನಕಲು, ಗರಿಷ್ಠ ಉದ್ದದೊಂದಿಗೆ ಸ್ಟ್ರಿಂಗ್‌ನ ನಕಲು. ಬಳಕೆದಾರನ ವಿಳಾಸಕ್ಕೆ ಪಾಯಿಂಟರ್ ಬದಲು ಬೇರೆಯದೇ ಒಂದು ಟೈಪ್ ಕೊಟ್ಟರೆ, ಮರೆತು ನೇರವಾಗಿ ಓದಲು ಹೋದಾಗ ಕಂಪೈಲರ್ರೇ ತಡೆಯುತ್ತದೆ. ಪ್ರೊಸೆಸರ್‌ನಲ್ಲಿ ಎಸ್‌ಮ್ಯಾಪ್ (ಕರ್ನಲ್ ಅರಿಯದೆ ಬಳಕೆದಾರನ ಮೆಮೊರಿ ಮುಟ್ಟದಂತೆ ತಡೆಯುವ ಸೌಲಭ್ಯ) ಇದ್ದರೆ ಮೊದಲ ದಿನವೇ ಚಾಲೂ ಮಾಡಿ. ಆ ಮೂರು ಫಂಕ್ಷನ್‌ಗಳ ಹೊರಗೆ ಬಳಕೆದಾರನ ಮೆಮೊರಿ ಮುಟ್ಟಿದ ಕೂಡಲೇ ಫಾಲ್ಟ್ ಬಂದು ತಪ್ಪು ಬಯಲಾಗುತ್ತದೆ.

ಇನ್ನೊಂದು ಸೂಕ್ಷ್ಮ ಸಂಗತಿ: ಒಂದು ಕಾಲ್‌ನಲ್ಲಿ ಬಳಕೆದಾರನ ಮೆಮೊರಿಯ ಯಾವ ಬೈಟ್ ಅನ್ನೂ ಎರಡು ಬಾರಿ ಓದಬೇಡಿ. ಸ್ಟ್ರಕ್ಚರ್‌ನಲ್ಲಿರುವ ಉದ್ದವನ್ನು ಓದಿ, 256ಕ್ಕಿಂತ ಕಡಿಮೆಯೆಂದು ಪರೀಕ್ಷಿಸಿ, ನಕಲು ಮಾಡುವಾಗ ಮತ್ತೆ ಅಲ್ಲಿಂದಲೇ ಉದ್ದವನ್ನು ಓದಿದರೆ, ಆ ಎರಡು ಓದುಗಳ ನಡುವಿನ ಅಂತರದಲ್ಲಿ ಇನ್ನೊಂದು ಸಿಪಿಯು ಮೇಲಿನ ಥ್ರೆಡ್ ಅದನ್ನು 60,000 ಎಂದು ಬದಲಾಯಿಸಬಹುದು. ಇಡೀ ಸ್ಟ್ರಕ್ಚರ್ ಅನ್ನು ಒಮ್ಮೆಗೇ ಕರ್ನಲ್‌ನೊಳಗೆ ನಕಲು ಮಾಡಿಕೊಂಡು, ಆಮೇಲೆ ಆ ಪ್ರತಿಯನ್ನಷ್ಟೇ ನೋಡಿ. ಹೊರಗೆ ಕೊಡುವಾಗ ಸ್ಟ್ರಕ್ಚರ್ ಅನ್ನು ಮೊದಲು ಸೊನ್ನೆಯಿಂದ ತುಂಬಿ, ಏಕೆಂದರೆ ಸದಸ್ಯರ ನಡುವೆ ಕಂಪೈಲರ್ ಬಿಡುವ ಖಾಲಿ ಬೈಟ್‌ಗಳಲ್ಲಿ ಕರ್ನಲ್ ಸ್ಟ್ಯಾಕ್‌ನ ಹಳೆಯ ಚೂರುಗಳು ಹೊರಗೆ ಹೋಗುತ್ತವೆ.

ಏಳನೆಯ ಹೆಜ್ಜೆ: ಹ್ಯಾಂಡಲ್‌ಗಳು

ಕರ್ನಲ್‌ನೊಳಗಿನ ವಸ್ತುವಿನ ವಿಳಾಸವನ್ನು ಬಳಕೆದಾರನಿಗೆ ಎಂದೂ ಕೊಡಬೇಡಿ. ಪ್ರತಿ ಪ್ರೊಸೆಸ್‌ಗೂ ಒಂದು ಟೇಬಲ್ ಇರಲಿ, ಹ್ಯಾಂಡಲ್ ಎಂದರೆ ಅದರ ಇಂಡೆಕ್ಸ್ ಮಾತ್ರ. ಟೇಬಲ್‌ನ ಪ್ರತಿ ಸಾಲಿನಲ್ಲೂ ವಸ್ತುವಿನ ಪಾಯಿಂಟರ್ ಜೊತೆಗೆ ಓದುವ, ಬರೆಯುವ ಹಕ್ಕುಗಳನ್ನು ಇಟ್ಟರೆ ಓದಲಷ್ಟೇ ತೆರೆದ ಫೈಲ್‌ಗೆ ಬರೆಯಲು ಬಂದವರನ್ನು ಒಂದೇ ಜಾಗದಲ್ಲಿ ತಡೆಯಬಹುದು. ಕಾಲ್ ನಡೆಯುವಷ್ಟು ಹೊತ್ತು ವಸ್ತುವಿನ ಬಳಕೆ ಎಣಿಕೆಯನ್ನು ಹೆಚ್ಚಿಸಿಕೊಳ್ಳಿ. ಓದಲು ಕಾಯುತ್ತಿರುವಾಗ ಇನ್ನೊಂದು ಥ್ರೆಡ್ ಅದೇ ಹ್ಯಾಂಡಲ್ ಮುಚ್ಚಿದರೂ ವಸ್ತು ಮಾಯವಾಗಬಾರದು.

ಎಂಟನೆಯ ಹೆಜ್ಜೆ: ಮುಂದೆ ಬೆಳೆಯಲು ಜಾಗ

ಲಿನಕ್ಸ್‌ನಲ್ಲಿ ಪೈಪ್ ಆದಮೇಲೆ ಪೈಪ್2, ಡಪ್2 ಆದಮೇಲೆ ಡಪ್3 ಬಂದದ್ದು ಹಳೆಯ ಕಾಲ್‌ಗಳಿಗೆ ಫ್ಲ್ಯಾಗ್‌ಗಳ ಆರ್ಗ್ಯುಮೆಂಟ್ ಇರಲಿಲ್ಲವೆಂಬ ಒಂದೇ ಕಾರಣಕ್ಕೆ. ಹೊಸ ವಸ್ತುವನ್ನು ಸೃಷ್ಟಿಸುವ ಪ್ರತಿಯೊಂದು ಕಾಲ್‌ಗೂ ಫ್ಲ್ಯಾಗ್‌ಗಳ ಜಾಗ ಇಡಿ, ಮತ್ತು ಗೊತ್ತಿಲ್ಲದ ಫ್ಲ್ಯಾಗ್ ಬಂದರೆ ದೋಷ ಹಿಂದಿರುಗಿಸಿ. ಓಪನ್ ಗೊತ್ತಿಲ್ಲದ ಫ್ಲ್ಯಾಗ್‌ಗಳನ್ನು ಸುಮ್ಮನೆ ಕಡೆಗಣಿಸುತ್ತಿತ್ತು. ಹೀಗಾಗಿ ಹೊಸ ಫ್ಲ್ಯಾಗ್ ಸೇರಿಸಿದಾಗ ಕರ್ನಲ್‌ಗೆ ಅದು ತಿಳಿದಿದೆಯೇ ಇಲ್ಲವೇ ಎಂದು ಪ್ರೋಗ್ರಾಂಗೆ ತಿಳಿಯುವಂತಿರಲಿಲ್ಲ. 2020ರಲ್ಲಿ ಬಂದ ಓಪನ್‌ಎಟ್2 ಅದನ್ನು ಸರಿಪಡಿಸಿತು. ಅದು ಸ್ಟ್ರಕ್ಚರ್‌ನ ಪಾಯಿಂಟರ್ ಜೊತೆಗೆ ಅದರ ಅಳತೆಯನ್ನೂ ಕೇಳುತ್ತದೆ, ಇದರಿಂದ ಮುಂದೆ ಸ್ಟ್ರಕ್ಚರ್ ಬೆಳೆದರೂ ಹಳೆಯ ಪ್ರೋಗ್ರಾಂಗಳು ಮುರಿಯುವುದಿಲ್ಲ. ಸ್ಪಾನ್‌ಗೆ ಇದೇ ಪದ್ಧತಿ ಬಳಸಿ.

ಸಮಯ, ಫೈಲ್ ಆಫ್‌ಸೆಟ್, ಉದ್ದ ಇವೆಲ್ಲ 64 ಬಿಟ್ ಇರಲಿ. ಯೂನಿಕ್ಸ್‌ನ ಚಿಹ್ನೆಯುಳ್ಳ 32 ಬಿಟ್‌ನ ಸೆಕೆಂಡ್ ಎಣಿಕೆ 2038ರ ಜನವರಿ 19ರಂದು ತುಂಬಿಹೋಗುತ್ತದೆ. ಓದು ಮತ್ತು ಬರೆ ಕಾಲ್‌ಗಳು ಕೇಳಿದ್ದಕ್ಕಿಂತ ಕಡಿಮೆ ಬೈಟ್‌ಗಳನ್ನು ಸಾಗಿಸಿ ಹಿಂದಿರುಗಬಹುದೆಂದು ಮೊದಲೇ ಬರೆದಿಡಿ, ಹಾಗೂ ಪೂರ್ತಿ ಬರೆಯುವ ಲೂಪ್ ಅನ್ನು ಲೈಬ್ರರಿಯಲ್ಲಿ ಇಡಿ. ಸಿಗ್ನಲ್‌ಗಳನ್ನು (ಓಡುತ್ತಿರುವ ಪ್ರೊಸೆಸ್ ಅನ್ನು ನಡುವೆ ತಡೆದು ತಲುಪುವ ಸೂಚನೆಗಳನ್ನು) ಈಗಲೇ ಸೇರಿಸಬೇಡಿ. ಕಾಯುತ್ತಿರುವ ಪ್ರತಿ ಕಾಲ್ ನಡುವೆಯೇ ಮುರಿದು ಹೊರಬರುವ ಸಾಧ್ಯತೆಯನ್ನು ಅವು ತರುತ್ತವೆ.

ಒಂಬತ್ತನೆಯ ಹೆಜ್ಜೆ: ಬಳಕೆದಾರನ ಕಡೆಯ ಲೈಬ್ರರಿ

ಸಂಖ್ಯೆ, ಹೆಸರು, ಆರ್ಗ್ಯುಮೆಂಟ್‌ಗಳನ್ನು ಒಂದೇ ಪಠ್ಯ ಫೈಲ್‌ನಲ್ಲಿ ಬರೆದು, ಕರ್ನಲ್‌ನ ಟೇಬಲ್ ಮತ್ತು ಬಳಕೆದಾರನ ಫಂಕ್ಷನ್‌ಗಳು ಎರಡನ್ನೂ ಅದರಿಂದಲೇ ಒಂದು ಪುಟ್ಟ ಸ್ಕ್ರಿಪ್ಟ್ ತಯಾರಿಸಲಿ. ಇನ್‌ಲೈನ್ ಅಸೆಂಬ್ಲಿಯಲ್ಲಿ ಆರ್‌ಸಿಎಕ್ಸ್, ಆರ್11 ಮತ್ತು ಮೆಮೊರಿ ಬದಲಾಗುತ್ತವೆಂದು ಕಂಪೈಲರ್‌ಗೆ ಹೇಳಲೇಬೇಕು. ಮೆಮೊರಿಯನ್ನು ಬಿಟ್ಟರೆ, ಬಫರ್‌ಗೆ ಬರೆದ ಅಕ್ಷರಗಳು ಕಾಲ್‌ಗಿಂತ ಮೊದಲು ಅಲ್ಲಿಗೆ ತಲುಪಬೇಕೆಂದು ಕಂಪೈಲರ್‌ಗೆ ತಿಳಿಯದೆ, ಆಪ್ಟಿಮೈಸೇಷನ್ ಹಾಕಿದ ದಿನ ಪರದೆಯ ಮೇಲೆ ಕಸ ಬರುತ್ತದೆ.

ಹತ್ತನೆಯ ಹೆಜ್ಜೆ: ಹಗೆತನದ ಪ್ರೋಗ್ರಾಂ

ಪ್ರತಿ ಕಾಲ್ ಬರೆದ ದಿನವೇ ಅದನ್ನು ಕೆಡಿಸಲು ಯತ್ನಿಸುವ ಒಂದು ಪ್ರೋಗ್ರಾಂ ಕೂಡ ಬರೆಯಿರಿ. ಪಾಯಿಂಟರ್ ಜಾಗದಲ್ಲಿ ಸೊನ್ನೆ, ಕರ್ನಲ್‌ನ ವಿಳಾಸ, ಮ್ಯಾಪ್ ಆಗದ ಪೇಜ್, ಮ್ಯಾಪ್ ಆದ ಪೇಜ್‌ನ ಕೊನೆಯ ಬೈಟ್‌ನಿಂದ ಆರಂಭಿಸಿ ಆಚೆಗೆ ದಾಟುವ ಬಫರ್; ಉದ್ದದ ಜಾಗದಲ್ಲಿ ಸೊನ್ನೆ, −1, ಅತಿ ದೊಡ್ಡ ಸಂಖ್ಯೆ; ಕೊನೆಯ ಸೊನ್ನೆ ಇಲ್ಲದ ಸ್ಟ್ರಿಂಗ್; ಮುಚ್ಚಿದ ಹ್ಯಾಂಡಲ್; ಓದಲಷ್ಟೇ ಅನುಮತಿ ಇರುವ ಪೇಜ್ ಅನ್ನು ಓದು ಕಾಲ್‌ಗೆ ಬಫರ್ ಆಗಿ ಕೊಡುವ ಯತ್ನ. ಇವಿಷ್ಟೂ ದೋಷ ಸಂಖ್ಯೆಯನ್ನು ಕೊಟ್ಟು ಹಿಂದಿರುಗಬೇಕು, ಉದ್ದ ಸೊನ್ನೆಯಾದಾಗ ಮಾತ್ರ ಸೊನ್ನೆ. ಅದಾದ ಮೇಲೆ ಯಾದೃಚ್ಛಿಕ ಸಂಖ್ಯೆಗಳನ್ನು ಆರು ರಿಜಿಸ್ಟರ್‌ಗಳಲ್ಲೂ ತುಂಬಿ ಲಕ್ಷಗಟ್ಟಲೆ ಕಾಲ್ ಮಾಡುವ ಲೂಪ್ ಓಡಿಸಿ. ಆ ಯಾದೃಚ್ಛಿಕ ಸಂಖ್ಯೆಗಳ ಸರಣಿ ಹೊರಡುವ ಬೀಜ ಸಂಖ್ಯೆಯನ್ನು (ಸೀಡ್) ಸೀರಿಯಲ್ ಪೋರ್ಟ್‌ಗೆ ಮುದ್ರಿಸಿಟ್ಟರೆ ಕರ್ನಲ್ ಬಿದ್ದಾಗ ಅದೇ ಓಟವನ್ನು ಎಮ್ಯುಲೇಟರ್‌ನಲ್ಲಿ ಮತ್ತೆ ಮಾಡಿ, ಡಿಬಗರ್ ಹಚ್ಚಿ ನೋಡಬಹುದು. ಒಂದು ಸಿಪಿಯುವಿನಲ್ಲಿ ಇದು ರಾತ್ರಿಯಿಡೀ ಓಡಿದ ಮೇಲೆ ಎಮ್ಯುಲೇಟರ್‌ಗೆ ನಾಲ್ಕು ಸಿಪಿಯು ಕೊಟ್ಟು, ಒಂದು ಥ್ರೆಡ್ ಕಾಲ್ ಮಾಡುತ್ತಿರುವಾಗ ಇನ್ನೊಂದು ಅದೇ ಬಫರ್ ಅನ್ನು ಬದಲಾಯಿಸುತ್ತಾ, ಮೂರನೆಯದು ಅದೇ ಪೇಜ್ ಅನ್ನು ತೆಗೆದು ಮತ್ತೆ ಹಾಕುತ್ತಾ ಇರುವಂತೆ ಮಾಡಿ, ಇದೇ ಲೂಪ್ ಅನ್ನು ಮೊದಲಿನಿಂದ ಓಡಿಸಿ.